ಮಗು ಏನೋ ನುಂಗಿಬಿಟ್ಟಿದೆ: ವಾಂತಿ ಮಾಡಿಸುವ ಮೊದಲು ಇದನ್ನು ಓದಿ

"ಹಾಲು ಕುಡಿಸಲಾ? ಉಪ್ಪು ನೀರು ಕೊಟ್ಟು ವಾಂತಿ ಮಾಡಿಸಲಾ?" ಮಗು ಸೀಮೆಎಣ್ಣೆಯನ್ನೋ ಅಜ್ಜಿಯ ಮಾತ್ರೆಯನ್ನೋ ಬಾಯಿಗೆ ಹಾಕಿಕೊಂಡಾಗ ಮನೆಯವರು ಮತ್ತೆ ಮತ್ತೆ ಕೇಳುವುದು ಈ ಎರಡೇ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ: ಬೇಡ. ಯಾಕೆ ಬೇಡ, ಬದಲಿಗೆ ಏನು ಮಾಡಬೇಕು, ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದೆ.

ಇದು ಮುಖ್ಯವಾಗಿ ಒಂದರಿಂದ ಐದು ವರ್ಷದ ಮಕ್ಕಳ ಮಾತು. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸು ಅದು. ಹತ್ತು ದಾಟಿದ ಮಗು ವಿಷ ಕುಡಿದಿದ್ದರೆ ಅದು ಆಕಸ್ಮಿಕ ಎಂದು ನೀವೇ ತೀರ್ಮಾನಿಸಬೇಡಿ. ಚಿಕಿತ್ಸೆ ಅದೇ, ಆದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಜೀವಾಪಾಯ ಕಳೆದ ಮೇಲೆ ಮನೋವೈದ್ಯರನ್ನು ಕಾಣಿಸಿ. ಟೆಲಿ ಮನಸ್ ಸಹಾಯವಾಣಿ 14416.

ಫೋನಿನಲ್ಲಿ ಈಗಲೇ ಉಳಿಸಿಕೊಳ್ಳಬೇಕಾದ ಸಂಖ್ಯೆಗಳು ಮೂರು: ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117. ಮಗುವಿಗೆ ಎಚ್ಚರ ತಪ್ಪಿದ್ದರೆ, ಫಿಟ್ಸ್ ಬರುತ್ತಿದ್ದರೆ, ಉಸಿರಾಟ ಕೆಟ್ಟಿದ್ದರೆ ಮೊದಲ ಕರೆ 108ಕ್ಕೆ. ಮಾಹಿತಿ ಕೇಳುವುದು ಆಮೇಲೆ.

1. ಮೊದಲ ನಿಮಿಷ: ಉಸಿರು ಮತ್ತು ಎಚ್ಚರ

ಹೆಸರು ಹಿಡಿದು ಕರೆಯಿರಿ, ಅಂಗಾಲು ತಟ್ಟಿ. ಉಸಿರಾಡುತ್ತಿದೆ, ಆದರೆ ಮಂಪರಿನಲ್ಲಿದೆ ಎಂದಾದರೆ ಎಡಮಗ್ಗುಲಿಗೆ ಮಲಗಿಸಿ. ವಾಂತಿಯಾದರೆ ಬಾಯಿಂದ ಹೊರಗೆ ಹರಿದುಹೋಗುವಂತೆ ಮುಖ ಸ್ವಲ್ಪ ಕೆಳಕ್ಕೆ ವಾಲಿರಲಿ. ಅಂಗಾತ ಮಲಗಿಸಿಕೊಂಡು ಆಟೋದಲ್ಲಿ ಕರೆದೊಯ್ಯುವಾಗ ವಾಂತಿ ಶ್ವಾಸಕೋಶಕ್ಕೆ ಇಳಿದು ಆಗುವ ಅನಾಹುತ ಕೆಲವೊಮ್ಮೆ ನುಂಗಿದ ವಸ್ತುವಿಗಿಂತ ದೊಡ್ಡದು.

ಉಸಿರೇ ಇಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ, ಬಾಯಿಂದ 2 ಸಲ ಉಸಿರು ಕೊಡಿ, ಆಂಬುಲೆನ್ಸ್ ಬರುವವರೆಗೂ ಹೀಗೇ ಮುಂದುವರಿಸಿ. ಕಾಳಿನ ಡಬ್ಬಿಗೆ ಇಡುವ ಮಾತ್ರೆ ನುಂಗಿದ್ದರೆ ಬಾಯಿಂದ ಉಸಿರು ಕೊಡಬೇಡಿ, ಎದೆ ಒತ್ತುವುದಷ್ಟೇ ಸಾಕು. ಕಾರಣ ಮುಂದೆ ಬರುತ್ತದೆ.

ಫಿಟ್ಸ್ ಬಂದರೆ ಹಲ್ಲಿನ ನಡುವೆ ಚಮಚ ತುರುಕಬೇಡಿ. ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಈರುಳ್ಳಿ ಮೂಸಿಸುವುದು ಇವುಗಳಿಂದ ಹೋಗುವುದು ಬರೀ ಸಮಯ.

2. ಬಾಯಿ, ಮೈ, ಕಣ್ಣು

ಬಾಯಲ್ಲಿ ಕಣ್ಣಿಗೆ ಕಾಣುವ ತುಂಡು ಇದ್ದರೆ ಮಾತ್ರ ಬೆರಳಿನಿಂದ ತೆಗೆಯಿರಿ. ಕಾಣದ್ದನ್ನು ಹುಡುಕುತ್ತಾ ಹೋದರೆ ಒಳಕ್ಕೆ ತಳ್ಳುತ್ತೀರಿ. ಒದ್ದೆ ಬಟ್ಟೆಯಿಂದ ನಾಲಿಗೆ, ಒಸಡು, ಕೆನ್ನೆಯ ಒಳಭಾಗ ಒರೆಸಿ. ಮುಕ್ಕಳಿಸಿ ಉಗುಳುವ ವಯಸ್ಸಾಗಿದ್ದರೆ ಮುಕ್ಕಳಿಸಲಿ.

ಬೆಳೆಗೆ ಹೊಡೆಯುವ ಕೀಟನಾಶಕ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ. ಅಂಗಿಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಂಡು, ಸೋಪು ಹಚ್ಚಿ ಕೂದಲು, ಕಿವಿಯ ಹಿಂದೆ, ಕಂಕುಳು, ಉಗುರಿನ ಸಂದಿ ತೊಳೆಯಿರಿ. ಹೇನು ಸಾಯಲಿ ಎಂದು ತಲೆಗೆ ಕೀಟನಾಶಕ ಹಚ್ಚುವ ಮನೆಗಳು ಇನ್ನೂ ಇವೆ. ಅಂಥ ಮಗುವಿನ ತಲೆ ತೊಳೆಯದೆ ಎಷ್ಟು ಇಂಜೆಕ್ಷನ್ ಕೊಟ್ಟರೂ ವಿಷ ಒಳಗೆ ಇಳಿಯುತ್ತಲೇ ಇರುತ್ತದೆ.

ಕಣ್ಣಿಗೆ ಬಿದ್ದಿದ್ದರೆ ಆ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ನಲ್ಲಿಯ ಅಥವಾ ಚೊಂಬಿನ ನೀರನ್ನು 20 ನಿಮಿಷ ಸಣ್ಣಗೆ ಸುರಿಯಿರಿ. ಎಲೆಯಡಿಕೆಯ ಸುಣ್ಣದ ಪ್ಯಾಕೆಟ್ಟನ್ನು ಮಗು ಒತ್ತಿ ಒಡೆದಾಗ ಸುಣ್ಣ ನೇರ ಕಣ್ಣಿಗೇ ಹಾರುತ್ತದೆ. ರೆಪ್ಪೆ ತಿರುವಿ, ಅಂಟಿಕೊಂಡ ಸುಣ್ಣದ ಚೂರನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆಯುತ್ತಾ ತೊಳೆಯಿರಿ. ಎದೆಹಾಲು, ಹರಳೆಣ್ಣೆ, ತುಪ್ಪ ಹಾಕಬೇಡಿ. ಇಲ್ಲಿ ಆಸ್ಪತ್ರೆಗಿಂತ ನೀರು ಮೊದಲು. ತೊಳೆಯದೆ ಹೊರಟರೆ ದಾರಿಯುದ್ದಕ್ಕೂ ಸುಣ್ಣ ಕಣ್ಣನ್ನು ಸುಡುತ್ತಿರುತ್ತದೆ.

3. ವಾಂತಿ ಮಾಡಿಸಬೇಡಿ

ಸೀಮೆಎಣ್ಣೆ, ಟರ್ಪೆಂಟೈನ್, ಪೆಟ್ರೋಲ್, ಪೇಂಟ್ ಥಿನ್ನರ್ ಬಹಳ ತೆಳು. ಹೊಟ್ಟೆಯಲ್ಲಿದ್ದರೆ ಅವುಗಳ ಹಾನಿ ಕಡಿಮೆ. ವಾಂತಿಯ ಜೊತೆ ಗಂಟಲಿಗೆ ಬಂದು ಶ್ವಾಸನಾಳಕ್ಕೆ ಜಾರಿದರೆ ಕೆಲವೇ ಹನಿ ಶ್ವಾಸಕೋಶವನ್ನು ಊದಿಸುತ್ತದೆ. ಟಾಯ್ಲೆಟ್ ಕ್ಲೀನರ್, ಆಸಿಡ್, ಪೈಪು ಬಿಡಿಸುವ ಪುಡಿ ಇಳಿಯುವಾಗ ಅನ್ನನಾಳವನ್ನು ಒಮ್ಮೆ ಸುಟ್ಟಿರುತ್ತವೆ. ವಾಂತಿ ಮಾಡಿಸಿದರೆ ಮತ್ತೊಮ್ಮೆ ಸುಡುತ್ತವೆ. ಕರ್ಪೂರದಂಥವು ನಿಮಿಷಗಳಲ್ಲಿ ಫಿಟ್ಸ್ ತರುತ್ತವೆ, ವಾಂತಿಯ ನಡುವೆ ಫಿಟ್ಸ್ ಬಂದರೆ ಉಸಿರು ಕಟ್ಟುತ್ತದೆ.

ಉಪ್ಪು ನೀರಂತೂ ತಾನೇ ವಿಷ. ಒಂದು ದೊಡ್ಡ ಚಮಚದಲ್ಲಿ ಸುಮಾರು 17 ಗ್ರಾಂ ಉಪ್ಪಿರುತ್ತದೆ. ಅದು ಹೊಟ್ಟೆಯಲ್ಲೇ ಉಳಿದರೆ 10 ಕೆಜಿ ಮಗುವಿನ ರಕ್ತದ ಸೋಡಿಯಂ ಮಿದುಳಿಗೆ ಹಾನಿಯಾಗುವ ಮಟ್ಟಕ್ಕೆ ಏರಬಹುದು. ಸೋಪಿನ ನೀರು, ಸಗಣಿ ನೀರು, ಹುಣಸೆ ಹುಳಿ, ಗಂಟಲಿಗೆ ಬೆರಳು, ಕಾಲು ಹಿಡಿದು ತಲೆಕೆಳಗು ಮಾಡುವುದು ಎಲ್ಲವೂ ಇದೇ ಸಾಲಿಗೆ ಸೇರಿದವು.

"ಹಾಲು ವಿಷ ಮುರಿಯುತ್ತದೆ" ಎಂಬ ನಂಬಿಕೆ ಹಳೆಯದು. ನುಸಿಗುಳಿಗೆ, ಕರ್ಪೂರ, ಇಲಿ ಪೇಸ್ಟಿನ ಹಳದಿ ರಂಜಕ ಕೊಬ್ಬಿನಲ್ಲಿ ಕರಗುವಂಥವು. ಹಾಲು, ತುಪ್ಪ, ಕೊಬ್ಬರಿ ಎಣ್ಣೆ ಕೊಟ್ಟರೆ ಅವು ಇನ್ನೂ ಬೇಗ ಮೈಗೆ ಹತ್ತುತ್ತವೆ. ಆಸಿಡ್ಡಿಗೆ ಸೋಡಾ, ಸುಣ್ಣಕ್ಕೆ ನಿಂಬೆರಸ ಎಂಬ ಲೆಕ್ಕವೂ ಬೇಡ, ಎರಡು ಸೇರಿ ಹುಟ್ಟುವ ಬಿಸಿ ಮತ್ತಷ್ಟು ಸುಡುತ್ತದೆ.

4. ಏನು, ಎಷ್ಟು, ಎಷ್ಟು ಹೊತ್ತಿಗೆ

ವೈದ್ಯರ ಅರ್ಧ ಕೆಲಸ ನಿಮ್ಮ ಕೈಯಲ್ಲಿರುವುದು ಇಲ್ಲೇ. ಬಾಟಲಿ, ಸ್ಟ್ರಿಪ್, ಉಳಿದ ಬೀಜ, ಗಿಡದ ಕೊಂಬೆ, ವಾಂತಿಯಾಗಿದ್ದರೆ ಅದರಲ್ಲಿ ಸ್ವಲ್ಪ, ಎಲ್ಲವನ್ನೂ ಚೀಲಕ್ಕೆ ಹಾಕಿ ಒಯ್ಯಿರಿ. ಫೋಟೋ ಒಂದೇ ಸಾಲದು, ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಫೋಟೋದಲ್ಲಿ ಬರುವುದಿಲ್ಲ.

"ಔಷಧಿ ಕುಡಿದಿದೆ" ಎನ್ನಬೇಡಿ. ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಹೊಡೆಯುವುದೂ ಔಷಧಿಯೇ, ಕೆಮ್ಮಿಗೆ ಕುಡಿಸುವುದೂ ಔಷಧಿಯೇ. ಉತ್ತರ ಕರ್ನಾಟಕದಲ್ಲಿ ಕೀಟನಾಶಕಕ್ಕೆ "ಎಣ್ಣಿ" ಎನ್ನುತ್ತಾರೆ, ಬೇರೆ ಕಡೆಯ ಡ್ಯೂಟಿ ಡಾಕ್ಟರು ಅದನ್ನು ಸೀಮೆಎಣ್ಣೆ ಎಂದುಕೊಂಡರೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. "ಹತ್ತಿಗೆ ಹೊಡೆಯೋ ಎಣ್ಣಿ", "ಕಳೆಗೆ ಹೊಡೆಯೋ ಔಷಧಿ" ಎಂದು ಬಿಡಿಸಿ ಹೇಳಿ. ಡಬ್ಬಿಯ ಮೇಲಿನ ವಜ್ರಾಕೃತಿಯ ಕೆಳಭಾಗದ ಬಣ್ಣವನ್ನೂ ನೋಡಿ: ಕೆಂಪು ಅತಿ ಘೋರ, ಹಳದಿ ಘೋರ, ನೀಲಿ ಮಧ್ಯಮ, ಹಸಿರು ಕಡಿಮೆ. ಆದರೆ ಬಣ್ಣವನ್ನೇ ನಂಬಿ ನಿಶ್ಚಿಂತರಾಗಬೇಡಿ. ಕಳೆನಾಶಕ ಪ್ಯಾರಾಕ್ವಾಟ್‌ನ ಗುರುತು ಕೆಂಪಲ್ಲ, ಹಳದಿ, ಆದರೂ ಅದಕ್ಕೆ ಪ್ರತಿವಿಷವೇ ಇಲ್ಲ, ಒಂದು ಗುಟುಕೂ ಮಾರಕವಾಗಬಹುದು.

ಪ್ರಮಾಣ ಹೇಳುವಾಗ ಕೆಟ್ಟದ್ದನ್ನೇ ಊಹಿಸಿ. ಸ್ಟ್ರಿಪ್ಪಿನಲ್ಲಿ ಎಷ್ಟು ಮಾತ್ರೆ ಕಾಣೆಯಾಗಿವೆಯೋ ಅಷ್ಟನ್ನೂ ಮಗು ನುಂಗಿದೆ ಎಂದೇ ಲೆಕ್ಕ. ಇಬ್ಬರು ಮಕ್ಕಳು ಆಡುತ್ತಿದ್ದರೆ ಹಂಚಿ ಭಾಗಿಸಬೇಡಿ, ಒಬ್ಬೊಬ್ಬರೂ ಪೂರ್ತಿ ನುಂಗಿರಬಹುದು ಎಂದುಕೊಂಡು ಇಬ್ಬರನ್ನೂ ತೋರಿಸಿ. ದ್ರವವಾದರೆ ಎರಡು ವರ್ಷದ ಮಗುವಿನ ಒಂದು ಗುಟುಕು ಸುಮಾರು 5 ಎಂಎಲ್, ಅಂದರೆ ಒಂದು ಟೀ ಚಮಚ. ತೂಕ ತಾಯಿ ಕಾರ್ಡಿನಲ್ಲೋ ಅಂಗನವಾಡಿಯ ಪುಸ್ತಕದಲ್ಲೋ ಸಿಗುತ್ತದೆ. ಸಿಗದಿದ್ದರೆ ವಯಸ್ಸಿಗೆ 4 ಕೂಡಿಸಿ ಎರಡರಿಂದ ಗುಣಿಸಿ: ಎರಡು ವರ್ಷಕ್ಕೆ 12 ಕೆಜಿ.

ಈ ಲೆಕ್ಕ ಯಾಕೆ ಬೇಕು ಎನ್ನುವುದಕ್ಕೆ ಪ್ಯಾರಾಸಿಟಮಾಲ್ ನೋಡಿ. ಮಗುವಿನ ತೂಕದ ಪ್ರತಿ ಕೆಜಿಗೆ 150 ಮಿಗ್ರಾಂ ದಾಟಿದರೆ ಯಕೃತ್ತಿಗೆ ಅಪಾಯ ಇರಬಹುದೆಂದು ಆಸ್ಪತ್ರೆಯಲ್ಲಿ ಪರೀಕ್ಷಿಸಲೇಬೇಕು. 5 ಎಂಎಲ್‌ಗೆ 250 ಮಿಗ್ರಾಂ ಇರುವ 60 ಎಂಎಲ್ ಸಿರಪ್ಪಿನಲ್ಲಿ 3000 ಮಿಗ್ರಾಂ ಇದೆ. 10 ಕೆಜಿ ಮಗು ಪೂರ್ತಿ ಕುಡಿದರೆ ಕೆಜಿಗೆ 300. ಅದೇ ಅಳತೆಯ ಬಾಟಲಿಯಲ್ಲಿ 5 ಎಂಎಲ್‌ಗೆ 120 ಮಿಗ್ರಾಂ ಇರುವ ಸಿರಪ್ ಇದ್ದರೆ ಒಟ್ಟು 1440, ಕೆಜಿಗೆ 144, ಗಡಿಯ ಅಂಚು. ಇನ್ನು ಹಸುಗೂಸುಗಳಿಗೆ ಕೊಡುವ ಡ್ರಾಪ್ಸ್: ಒಂದು ಎಂಎಲ್‌ಗೆ 100 ಮಿಗ್ರಾಂ. 15 ಎಂಎಲ್‌ನ ಆ ಪುಟ್ಟ ಸೀಸೆಯಲ್ಲಿರುವುದು 1500 ಮಿಗ್ರಾಂ, ಆ ಎರಡನೆಯ ಸಿರಪ್ಪಿನ ಪೂರ್ತಿ ಬಾಟಲಿಗಿಂತ ಹೆಚ್ಚು!

ಗರ್ಭಿಣಿಯರಿಗೆ ಸರ್ಕಾರ ಕೊಡುವ ಕಬ್ಬಿಣಾಂಶದ ಮಾತ್ರೆ ಕೆಂಪಗೆ, ಸಕ್ಕರೆ ಲೇಪ ಹೊತ್ತು ಥೇಟ್ ಪೆಪ್ಪರ್‌ಮಿಂಟಿನಂತಿರುತ್ತದೆ. ಒಂದರಲ್ಲಿ 60 ಮಿಗ್ರಾಂ ಕಬ್ಬಿಣ. ಕೆಜಿಗೆ 40 ಮಿಗ್ರಾಂ ದಾಟಿದರೆ ಆಸ್ಪತ್ರೆ ಕಡ್ಡಾಯ, 60 ದಾಟಿದರೆ ಜೀವಾಪಾಯ. 10 ಕೆಜಿ ಮಗುವಿಗೆ ಹತ್ತೇ ಮಾತ್ರೆ ಆ ಗಡಿ ಮುಟ್ಟುತ್ತದೆ. ಎಷ್ಟು ನುಂಗಿತೋ ಗೊತ್ತಿಲ್ಲದಿದ್ದರೆ, ಅಥವಾ ವಾಂತಿ-ಭೇದಿ ಶುರುವಾಗಿದ್ದರೆ, ಲೆಕ್ಕ ಮಾಡುತ್ತಾ ಕೂರದೆ ಹೊರಡಿ.

5. ಏನು ನುಂಗಿತೋ ಗೊತ್ತಿಲ್ಲದಿದ್ದರೆ

ಚೆನ್ನಾಗಿದ್ದ ಮಗು ಜ್ವರವಿಲ್ಲದೆ ಇದ್ದಕ್ಕಿದ್ದಂತೆ ಮಂಪರಾಯಿತು, ತೂರಾಡಿತು, ಫಿಟ್ಸ್ ಬಂತು ಎಂದರೆ ವಿಷದ ಅನುಮಾನ ಇರಲೇಬೇಕು. ಮೊಬೈಲಿನ ಟಾರ್ಚ್ ಹಿಡಿದು ಕಣ್ಣಿನ ಪಾಪೆ ನೋಡಿ.

ಪಾಪೆ ಸಾಸಿವೆಯಷ್ಟು ಕಿರಿದಾಗಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣೀರು, ಬಟ್ಟೆಯಲ್ಲೇ ಮಲಮೂತ್ರ, ಎದೆಯಲ್ಲಿ ಗೊರಗೊರ ಇದ್ದರೆ ಅದು ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ. ಪಾಪೆ ಕಿರಿದು, ಉಸಿರು ನಿಧಾನ, ಆದರೆ ಮೈ ಒಣಗಿದೆ ಎಂದರೆ ಟ್ರಮಡಾಲ್‌ನಂಥ ನೋವಿನ ಮಾತ್ರೆ ಅಥವಾ ಕೊಡೀನ್ ಇರುವ ಕೆಮ್ಮಿನ ಸಿರಪ್ ಇರಬಹುದು. ಇದಕ್ಕೆ ತದ್ವಿರುದ್ಧ ಉಮ್ಮತ್ತಿ ಕಾಯಿ: ಪಾಪೆ ಅಗಲ, ಮುಖ ಕೆಂಪು, ನಾಲಿಗೆ ಒಣಗಿ ಅಂಟು, ಮೈ ಬಿಸಿ, ಮೂತ್ರ ಕಟ್ಟು. ಮಗು ಗಾಳಿಯಲ್ಲಿ ಇಲ್ಲದ ಏನನ್ನೋ ಹಿಡಿಯಲು ಹೋಗುತ್ತದೆ, ಹಾಸಿಗೆ ಕೀಳುತ್ತದೆ. ದೆವ್ವ ಮೆಟ್ಟಿಕೊಂಡಿದೆ ಎಂದು ಮಂತ್ರ ಹಾಕಿಸಲು ಕರೆದೊಯ್ದು ಹೊತ್ತು ಕಳೆಯುವುದು ಈ ಮಕ್ಕಳ ವಿಷಯದಲ್ಲೇ.

6. ಯಾವುದಕ್ಕೆ ಏನು

ಸೀಮೆಎಣ್ಣೆ, ಥಿನ್ನರ್: ಕುಡಿಯುವಾಗಲೇ ಕೆಮ್ಮಿತೇ, ಉಸಿರು ಸಿಕ್ಕಿಕೊಂಡಿತೇ ಎಂಬುದೇ ಮುಖ್ಯ ಪ್ರಶ್ನೆ. ಕೆಮ್ಮಿದ್ದರೆ ಶ್ವಾಸಕೋಶಕ್ಕೆ ಹೋಗಿರಬಹುದು. ಹೊಟ್ಟೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಒಂದರಿಂದ ಐದು ವರ್ಷದವರಲ್ಲಿ 40 ಮುಟ್ಟಿದರೆ ವೇಗ ಹೆಚ್ಚಾಗಿದೆ ಎಂದರ್ಥ. ಲಕ್ಷಣವಿಲ್ಲದಿದ್ದರೂ ಆಸ್ಪತ್ರೆಯಲ್ಲಿ ಕನಿಷ್ಠ 6 ಗಂಟೆ ಇರಿಸಿಕೊಂಡು ನೋಡುತ್ತಾರೆ. ಹೊಟ್ಟೆ ತೊಳೆಯುವುದಿಲ್ಲ. ಮೊದಲ ದಿನದ ಜ್ವರ ಸೋಂಕಿನದ್ದೇ ಆಗಬೇಕೆಂದಿಲ್ಲ, ಆಂಟಿಬಯಾಟಿಕ್‌ಗಾಗಿ ಒತ್ತಾಯಿಸಬೇಡಿ. ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರಾವಣದ ರೀಫಿಲ್‌ನಲ್ಲೂ ಸೀಮೆಎಣ್ಣೆಯ ಜಾತಿಯ ದ್ರವವೇ ಇರುತ್ತದೆ, ಅದಕ್ಕೂ ಇದೇ ಕ್ರಮ.

ಅಜ್ಜ-ಅಜ್ಜಿಯ ಮಾತ್ರೆ: ಒಂದೇ ಮಾತ್ರೆ ಸಾಕು ಎನ್ನುವಂಥವು ಇಲ್ಲಿವೆ. ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಬಿಪಿಯ ಆಮ್ಲೋಡಿಪಿನ್, ಕ್ಲೋನಿಡಿನ್, ನಿದ್ದೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್. "ಬರೀ ಮೆಟ್‌ಫಾರ್ಮಿನ್" ಎಂದುಕೊಂಡ ಸ್ಟ್ರಿಪ್ಪಿನ ಹಿಂದೆ ಎರಡನೆಯ ಹೆಸರಾಗಿ ಗ್ಲಿಮೆಪಿರೈಡ್ ಕೂತಿರುತ್ತದೆ, ಎರಡೂ ಹೆಸರು ಓದಿ. ಅದರಿಂದ ರಕ್ತದ ಸಕ್ಕರೆ ತಡವಾಗಿಯೂ ಕುಸಿಯುತ್ತದೆ, ಆದ್ದರಿಂದ 24 ಗಂಟೆ ನಿಗಾ ಬೇಕು. ಮಗು ಎಚ್ಚರವಾಗಿದ್ದು ಸರಿಯಾಗಿ ನುಂಗುತ್ತಿದ್ದರೆ ದಾರಿಯಲ್ಲಿ ಸಕ್ಕರೆ ನೀರು ಕೊಡಬಹುದು. ಮೂಗು ಕಟ್ಟಿದಾಗ ಹಾಕುವ ಆಕ್ಸಿಮೆಟಜೋಲಿನ್ ಹನಿಯನ್ನೂ ಇದೇ ಪಟ್ಟಿಗೆ ಸೇರಿಸಿ. ಮೂಗಿಗೆ ಹಾಕಬೇಕಾದ್ದನ್ನು ಕುಡಿದರೆ ಮಗು ಮಂಕಾಗುತ್ತದೆ, ನಾಡಿ ನಿಧಾನವಾಗುತ್ತದೆ.

ಆಸಿಡ್, ಟಾಯ್ಲೆಟ್ ಕ್ಲೀನರ್: ಬಾಯಿ ತೊಳೆಯಿರಿ, ಹೊಟ್ಟೆಗೆ ಏನೂ ಕೊಡದೆ ಹೊರಡಿ. ಬಾಯಿ ಸುಟ್ಟಿಲ್ಲ ಎಂದ ಮಾತ್ರಕ್ಕೆ ಅನ್ನನಾಳ ಸುಟ್ಟಿಲ್ಲ ಎನ್ನಲಾಗದು. ಸಾಮಾನ್ಯವಾಗಿ 24 ಗಂಟೆಯೊಳಗೆ ಎಂಡೋಸ್ಕೋಪಿ, ಅಂದರೆ ಸಣ್ಣ ಕ್ಯಾಮೆರಾ ಕೊಳವೆಯಿಂದ ಒಳಗೆ ನೋಡುವ ಪರೀಕ್ಷೆ, ಮಾಡುತ್ತಾರೆ. ಆ ಸೌಲಭ್ಯವಿರುವ ಆಸ್ಪತ್ರೆ ಯಾವುದೆಂದು ಮೊದಲೇ ಕೇಳಿ.

ಕೀಟನಾಶಕ: ಹತ್ತಿರದ ತಾಲ್ಲೂಕು ಆಸ್ಪತ್ರೆಗೇ ಮೊದಲು ಹೋಗಿ. ದೊಡ್ಡಾಸ್ಪತ್ರೆ ಎಂದು 80 ಕಿಲೋಮೀಟರ್ ಓಡಿದರೆ ಎದೆಯಲ್ಲಿ ನೀರು ತುಂಬುವುದು ದಾರಿಯಲ್ಲೇ. ಅಟ್ರೋಪಿನ್ ಇಂಜೆಕ್ಷನ್ ಅಲ್ಲೇ ಶುರುವಾಗಬೇಕು: ಕೆಜಿಗೆ 0.02ರಿಂದ 0.05 ಮಿಗ್ರಾಂ, ಎದೆ ಒಣಗುವವರೆಗೆ ಐದೈದು ನಿಮಿಷಕ್ಕೆ ದುಪ್ಪಟ್ಟು ಮಾಡುತ್ತಾ. ಆಮೇಲೆ ಆಂಬುಲೆನ್ಸಿನಲ್ಲಿ ಮುಂದಕ್ಕೆ.

ಇಲಿ ವಿಷ: ಮೂರು ಬಗೆ, ಮೂರರ ಗತಿಯೂ ಬೇರೆ. ರಕ್ತ ತೆಳುವಾಗಿಸುವ ಕೇಕನ್ನು ಮಗು ಒಂದೆರಡು ಚೂರು ಕಚ್ಚಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೂ ತೋರಿಸಿ. ಹಳದಿ ರಂಜಕದ ಪೇಸ್ಟ್ ಮೋಸಗಾರ: ಮೊದಲ ದಿನ ವಾಂತಿ, ಆಮೇಲೆ ಆಟ-ಊಟ ಎಲ್ಲ ಸರಿ, ಮೂರನೆಯ ದಿನದ ಹೊತ್ತಿಗೆ ಕಾಮಾಲೆ, ಯಕೃತ್ತು ಕೈಕೊಡುತ್ತದೆ. ಮೂರನೆಯದು ಸತು ಅಥವಾ ಅಲ್ಯುಮಿನಿಯಂ ಫಾಸ್ಫೈಡ್, ಕಾಳಿಗೆ ಹುಳ ಬೀಳದಂತೆ ಇಡುವ ಮಾತ್ರೆಯೂ ಇದೇ. ಹೊಟ್ಟೆಯ ನೀರು, ಆಮ್ಲ ತಗುಲಿದರೆ ಫಾಸ್ಫೀನ್ ಅನಿಲ ಹೊರಡುತ್ತದೆ, ಬೆಳ್ಳುಳ್ಳಿ ಅಥವಾ ಕೊಳೆತ ಮೀನಿನ ವಾಸನೆ. ನೀರು ಕುಡಿಸಬೇಡಿ, ವಾಹನದ ಕಿಟಕಿ ತೆರೆದಿರಲಿ, ವಾಂತಿಯ ಹತ್ತಿರ ಮುಖ ಒಯ್ಯಬೇಡಿ.

ಕರ್ಪೂರ, ನುಸಿಗುಳಿಗೆ: ಎರಡೂ ಬೆಳ್ಳಗಿದ್ದರೂ ಒಂದೇ ಅಲ್ಲ. ಕರ್ಪೂರ ಒಂದು ಗ್ರಾಂನಷ್ಟಿದ್ದರೂ ಸಣ್ಣ ಮಗುವಿಗೆ ಪ್ರಾಣಾಪಾಯ, ಫಿಟ್ಸ್ ನಿಮಿಷಗಳಲ್ಲಿ ಬರಬಹುದು. ನ್ಯಾಫ್ತಲೀನ್ ನುಸಿಗುಳಿಗೆ ನಿಧಾನ: ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದ ಕಡಿಮೆಯಿರುವ ಮಕ್ಕಳಲ್ಲಿ ಒಂದರಿಂದ ಮೂರು ದಿನದ ಮೇಲೆ ರಕ್ತಕಣ ಒಡೆದು ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ.

ಬೀಜಗಳು: ಕಾಡುಹರಳು, ಅಂದರೆ ಜಟ್ರೋಫಾ, ಶಾಲೆಯ ಬೇಲಿಯಲ್ಲಿ ಬೆಳೆದು ಒಮ್ಮೆಗೇ ಹತ್ತಾರು ಮಕ್ಕಳನ್ನು ಆಸ್ಪತ್ರೆಗೆ ಕಳಿಸುತ್ತದೆ. ವಾಂತಿ-ಭೇದಿಯಿಂದ ನೀರಿನಂಶ ಹೋಗುತ್ತದೆ, ಓಆರ್‌ಎಸ್, ಬೇಕಾದರೆ ಡ್ರಿಪ್ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಗುಲಗಂಜಿ, ಔಡಲ ಬೀಜ ಅಗಿಯದೆ ನುಂಗಿದ್ದರೆ ಗಟ್ಟಿ ಸಿಪ್ಪೆಯಿಂದಾಗಿ ಹಾಗೇ ಹೊರಬರುವುದೇ ಹೆಚ್ಚು, ಅಗಿದಿದ್ದರೆ ಗಂಭೀರ. ಹಳದಿ ಕಣಗಿಲೆಯ ಕಾಯಿ ಹೃದಯದ ಬಡಿತ ಕೆಡಿಸುತ್ತದೆ, ಇಸಿಜಿ ಬೇಕೇ ಬೇಕು.

ಬಟನ್ ಬ್ಯಾಟರಿ: ವಿಷವೆನ್ನುವುದಕ್ಕಿಂತ ಸುಡುವ ವಸ್ತು. ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯಲ್ಲೇ ಗಾಯ. ಒಂದು ವರ್ಷ ದಾಟಿದ, ನುಂಗಬಲ್ಲ ಮಗುವಿಗೆ, ನುಂಗಿ 12 ಗಂಟೆ ಆಗಿಲ್ಲದಿದ್ದರೆ, ಎಕ್ಸ್‌ರೇಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ 2 ಟೀ ಚಮಚ ಜೇನು ಕೊಡಬಹುದು, ಆರು ಸಲ ಮೀರದಂತೆ. ಜೇನು ಹುಡುಕುತ್ತಾ ಹೊರಡುವುದನ್ನು ತಡ ಮಾಡಬೇಡಿ.

ಚಾಕ್‌ಪೀಸ್, ಪೆನ್ಸಿಲ್ ತುದಿ, ಹೊಸ ಚಪ್ಪಲಿ ಪೆಟ್ಟಿಗೆಯ ಸಿಲಿಕಾ ಕಾಳು, ಒಡೆದ ಥರ್ಮಾಮೀಟರಿನಿಂದ ನುಂಗಿದ ಪಾದರಸದ ಗುಂಡು ಇವುಗಳಿಂದ ಸಾಮಾನ್ಯವಾಗಿ ವಿಷವಾಗುವುದಿಲ್ಲ. ಗಂಟಲಲ್ಲಿ ಸಿಕ್ಕಿಲ್ಲ, ಗಾಜಿನ ಚೂರು ನುಂಗಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಿ.

7. ಆಸ್ಪತ್ರೆಯಲ್ಲಿ

ಎಂಎಲ್‌ಸಿ ಬರೆಯುತ್ತಾರೆ, ಅಂದರೆ ಪೊಲೀಸರಿಗೆ ಮಾಹಿತಿ ಹೋಗುವ ದಾಖಲೆ. ಇದಕ್ಕೆ ಹೆದರಿ "ಏನೂ ತಿಂದಿಲ್ಲ, ಜ್ವರ ಬಂದಿತ್ತು" ಎನ್ನುವವರಿದ್ದಾರೆ. ವಿಷದ ಪ್ರಕರಣಗಳಲ್ಲಿ ಅದು ಮಾಮೂಲಿ ಕ್ರಮ, ನಿಮ್ಮ ಮೇಲಿನ ದೂರಲ್ಲ. ಅತ್ತೆ-ಮಾವ ಎದುರಿಗಿದ್ದಾರೆ ಎಂದು ಸುಮ್ಮನಿರಬೇಡಿ, ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿ.

ಮೊದಲು ನೋಡುವುದು ಉಸಿರು, ನಾಡಿ, ಬೆರಳ ತುದಿಯ ರಕ್ತದಿಂದ ಸಕ್ಕರೆ. "ಹೊಟ್ಟೆ ಯಾಕೆ ತೊಳೆಯುತ್ತಿಲ್ಲ?" ಎಂಬ ಜಗಳ ವಾರ್ಡಿನಲ್ಲಿ ದಿನವೂ ನಡೆಯುತ್ತದೆ. ಹೊಟ್ಟೆ ತೊಳೆಯುವುದರಿಂದ ಏನಾದರೂ ಪ್ರಯೋಜನವಾದರೆ ಅದು ಮಾರಕ ಪ್ರಮಾಣ ನುಂಗಿ ಒಂದು ಗಂಟೆಯೊಳಗೆ ಬಂದವರಿಗೆ. ಮಂಪರಿನ ಮಗುವಿಗೆ ಉಸಿರುನಾಳ ಕಾಪಾಡದೆ ಕೊಳವೆ ಹಾಕಿದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಬದಲಿಗೆ ಆಕ್ಟಿವೇಟೆಡ್ ಚಾರ್ಕೋಲ್, ಅಂದರೆ ವಿಷವನ್ನು ಹೀರಿಕೊಳ್ಳುವ ವಿಶೇಷ ಇದ್ದಿಲ ಪುಡಿ, ಕೆಜಿಗೆ 1 ಗ್ರಾಂನಂತೆ ಕೊಡಬಹುದು. ಕಬ್ಬಿಣ, ಆಸಿಡ್, ಸೀಮೆಎಣ್ಣೆ, ಆಲ್ಕೋಹಾಲ್‌ಗೆ ಅದು ಉಪಯೋಗವಿಲ್ಲ. ಒಲೆಯ ಇದ್ದಿಲು ಅರೆದು ಕುಡಿಸಿದರೆ ಅದು ಇದಾಗುವುದಿಲ್ಲ.

ಪ್ಯಾರಾಸಿಟಮಾಲ್‌ಗೆ ನುಂಗಿದ 4 ಗಂಟೆಯ ಮೇಲೆ ರಕ್ತದ ಮಟ್ಟ ನೋಡಿ, ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಕೊಡುತ್ತಾರೆ. 8 ಗಂಟೆಯೊಳಗೆ ಶುರುವಾದರೆ ಯಕೃತ್ತು ಉಳಿಯುವ ಭರವಸೆ ಬಹಳ ಹೆಚ್ಚು. ಹೀಗಾಗಿ "ಬೆಳಿಗ್ಗೆ ನೋಡೋಣ" ಎನ್ನುವಂತಿಲ್ಲ.

8. ಬಿಡುಗಡೆಗೆ ಆತುರ ಬೇಡ

"ಆಡುತ್ತಿದೆ, ಕರೆದುಕೊಂಡು ಹೋಗುತ್ತೇವೆ" ಎಂದು ಸಹಿ ಹಾಕುವ ಮೊದಲು ಹೆಸರು ಕೇಳಿ. ಪ್ಯಾರಾಸಿಟಮಾಲ್, ಹಳದಿ ರಂಜಕ, ಪ್ಯಾರಾಕ್ವಾಟ್, ಸಕ್ಕರೆ ಮಾತ್ರೆ ಇವೆಲ್ಲ ಮೊದಲ ದಿನ ಸುಮ್ಮನಿದ್ದು ಆಮೇಲೆ ಹೊಡೆಯುವಂಥವು. ಕಬ್ಬಿಣದ ಮಾತ್ರೆಯಲ್ಲೂ ವಾಂತಿ ನಿಂತು, 6ರಿಂದ 24 ಗಂಟೆಯ ನಡುವೆ ಮಗು ಚೇತರಿಸಿಕೊಂಡಂತೆ ಕಂಡು, ನಂತರ ರಕ್ತದೊತ್ತಡ ಕುಸಿಯುವುದುಂಟು.

ಕೀಟನಾಶಕದ ಮಗುವಿಗೆ ಜೊಲ್ಲು ನಿಂತ ಮೇಲೂ ಒಂದರಿಂದ ನಾಲ್ಕನೆಯ ದಿನದೊಳಗೆ ಸ್ನಾಯು ಸೋಲಬಹುದು. ಮಲಗಿದ ಮಗುವಿನ ಎರಡೂ ಕೈ ಹಿಡಿದು ನಿಧಾನ ಎಬ್ಬಿಸಿ. ನೆನ್ನೆ ತಾನೇ ತಲೆ ಎತ್ತುತ್ತಿದ್ದ ಮಗುವಿನ ತಲೆ ಇಂದು ಹಿಂದಕ್ಕೆ ಜೋತುಬಿದ್ದರೆ ಮುಂದೆ ಸೋಲುವುದು ಉಸಿರಾಟದ ಸ್ನಾಯು. ತಕ್ಷಣ ನರ್ಸನ್ನು ಕರೆಯಿರಿ.

ಆಸಿಡ್ ನುಂಗಿದ ಮಗು ಮನೆಗೆ ಬಂದು ಎಲ್ಲ ಸರಿಹೋಯಿತು ಎನ್ನುವಾಗ, ಕೆಲವು ವಾರಗಳ ಮೇಲೆ ಗಾಯ ಮಾಯುತ್ತಾ ಅನ್ನನಾಳ ಕಿರಿದಾಗುತ್ತದೆ. ರೊಟ್ಟಿ, ಅನ್ನ ತಿನ್ನುತ್ತಿದ್ದ ಮಗು ಗಂಜಿಯನ್ನೇ ಕೇಳತೊಡಗಿದರೆ, ತುತ್ತು ತುತ್ತಿಗೂ ನೀರು ಕುಡಿದರೆ ಅದನ್ನು ಹಟ ಎಂದುಕೊಳ್ಳದೆ ಎಂಡೋಸ್ಕೋಪಿ ಮಾಡಿದ ಆಸ್ಪತ್ರೆಗೇ ಹಳೆಯ ಚೀಟಿ ಸಮೇತ ವಾಪಸ್ ಹೋಗಿ.